ಸದ್ದು ನಿಲ್ಲುವವರೆಗೆ

ಹೊಸನಗರದ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಿಪಿ ನೋಡುವುದು ನನ್ನ ಕೆಲಸ. ಅದರ ಎರಡು ಅಂಕಿಗಳಲ್ಲಿ ಕೆಳಗಿನದನ್ನು ನಾನು ಎಷ್ಟು ಅವಸರದಲ್ಲಿ ಬರೆಯುತ್ತಿದ್ದೆ ಎಂಬುದು ಗೊತ್ತಾದದ್ದು ಒಂದು ಆಷಾಢದಲ್ಲಿ.

ಅಡಿಕೆಗೆ ಕೊಳೆ ಔಷಧಿ ಹೊಡೆಸಿ ತೋಟದಿಂದ ಆಗಷ್ಟೇ ಹತ್ತಿ ಬಂದಿದ್ದ ಗೌಡರು ಜಗಲಿಯಲ್ಲಿ ಕುಳಿತು ತೋಳು ಚಾಚಿದರು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. 150/100 ಬಂತು. "ಮಾತ್ರೆ ಜಾಸ್ತಿ ಮಾಡಬೇಕೇನಮ್ಮಾ?" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಮಾತಿಲ್ಲದೆ ಕಾದೆ. ಆಮೇಲೆ ತೋಳಿಗೆ ಸುತ್ತಿದ ಪಟ್ಟಿಯ ಗಾಳಿಯನ್ನು ನಿಧಾನವಾಗಿ ಬಿಟ್ಟೆ: ಸೆಕೆಂಡಿಗೆ ಒಂದೇ ಗೆರೆ, ಅಂದರೆ ಪಾದರಸದ 2 ಮಿಲಿಮೀಟರ್. 142ಕ್ಕೆ ಸ್ಟೆತಾಸ್ಕೋಪಿನಲ್ಲಿ ಬಡಿತ ಶುರುವಾಯಿತು, ಅದು ಮೇಲಿನ ಅಂಕಿ. ನೂರರ ಹತ್ತಿರ ಸದ್ದು ಮಂಕಾಯಿತು, ಆದರೆ ನಿಲ್ಲಲಿಲ್ಲ. ಹತ್ತಿಯ ಮೇಲೆ ಬೆರಳು ತಟ್ಟಿದಂತೆ ಮೆಲ್ಲಗೆ ಮುಂದುವರಿದು 86ಕ್ಕೆ ಅಡಗಿತು, ಅದೇ ಕೆಳಗಿನ ಅಂಕಿ. ಜಗಲಿಯಲ್ಲಿ ಆ ಮೆಲುದನಿ ಮಳೆಯಲ್ಲಿ ಮುಳುಗಿತ್ತು. ನನಗೆ ಕೇಳಿಸದ್ದನ್ನೇ ನಿಂತಿದೆ ಎಂದು ಬರೆದಿದ್ದೆ.

1896ರಲ್ಲಿ ಇಟಲಿಯ ವೈದ್ಯ ರೀವಾ ರೋಚಿ ತೋಳಿನ ಪಟ್ಟಿ ತಂದಾಗ ನಾಡಿ ಮುಟ್ಟಿ ಮೇಲಿನ ಅಂಕಿಯನ್ನಷ್ಟೇ ತಿಳಿಯಬಹುದಿತ್ತು. 1905ರಲ್ಲಿ ರಷ್ಯಾದ ಶಸ್ತ್ರವೈದ್ಯ ಕೊರೊಟ್ಕಾಫ್ ಪಟ್ಟಿಯ ಕೆಳಗೆ ತೋಳಿನ ನಾಳದ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ ಮೇಲೆ ಕೆಳಗಿನದೂ ಸಿಕ್ಕಿತು. ಅದು ಹೃದಯ ಸಡಿಲಗೊಂಡಾಗ ರಕ್ತನಾಳದಲ್ಲಿ ಉಳಿಯುವ ಒತ್ತಡ. ನಿಮಿಷಕ್ಕೆ 75 ಬಡಿತವಿದ್ದರೆ ಒಂದು ಬಡಿತಕ್ಕೆ 0.8 ಸೆಕೆಂಡು, ಅದರಲ್ಲಿ ಸುಮಾರು 0.5 ಸೆಕೆಂಡು ಈ ಸಡಿಲಿಕೆಯದೇ. ಹೃದಯದ ಎಡ ಕೋಣೆಯ ಸ್ನಾಯುವಿಗೆ ಬೇಕಾದ ರಕ್ತ ಹೆಚ್ಚಾಗಿ ಹರಿಯುವುದೂ ಆಗಲೇ. ಇಷ್ಟು ತಿಳಿದ ಮೇಲೆ ಆ ಅಂಕಿಯನ್ನು ಅಂದಾಜಿನಲ್ಲಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1967ರಲ್ಲಿ ಪ್ರಕಟವಾದ ಬಿಪಿ ಮಾತ್ರೆಯ ಅಧ್ಯಯನಕ್ಕೆ ಜನರನ್ನು ಆರಿಸಿದ್ದು ಕೆಳಗಿನ ಅಂಕಿ ನೋಡಿಯೇ, 115ರಿಂದ 129. ಮಾತ್ರೆ ತೆಗೆದುಕೊಂಡವರಲ್ಲಿ ದೊಡ್ಡ ಅನಾಹುತಗಳು ಬಹಳ ಕಡಿಮೆಯಾದವು. ಆದರೆ ವಯಸ್ಸು ಐವತ್ತು ದಾಟಿದ ಮೇಲೆ ನಾಳಗಳು ಗಡುಸಾಗಿ, ಕೆಳಗಿನದು ಇಳಿಯತೊಡಗುತ್ತದೆ, ಮೇಲಿನದು ಏರುತ್ತದೆ. ಹಾಗಾಗಿ 170/75 ಇರುವ ಅಜ್ಜಿಗೆ "ಕೆಳಗಿನದು ಸರಿ ಇದೆ, ಚಿಂತೆಯಿಲ್ಲ" ಎಂದು ನಾನು ಎಂದೂ ಹೇಳುವುದಿಲ್ಲ.

ಗೌಡರ ಎರಡೂ ಅಳತೆಗಳನ್ನು ವೈದ್ಯರಿಗೆ ಬರೆದು ಕಳಿಸಿದೆ. ಮಾತ್ರೆ ಹೆಚ್ಚಿಸದೆ, ವಾರ ಬಿಟ್ಟು ಮತ್ತೆ ನೋಡಲು ಹೇಳಿದರು. ಅಂದಿನಿಂದ ನನ್ನ ಪುಸ್ತಕದಲ್ಲಿ ಅಂಕಿಯ ಪಕ್ಕ 'ಒಳಗೆ', 'ಜಗಲಿ', 'ಮಳೆ' ಎಂದೂ ಬರೆದಿಡುತ್ತೇನೆ.