ಅಂಗಳದಲ್ಲಿ ಸೀಸ ಹುಗಿದು ಕಿವಿ ಪಳಗಿಸಿ, ಆಮೇಲೆ ಚಿನ್ನ ಹುಡುಕಿ

ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟೋ ಅಪ್ಪ-ಅವ್ವಂದಿರು ಈಗ ವರ್ಷಕ್ಕೆ ಎರಡು-ಮೂರು ತಿಂಗಳು ಮೆಲ್ಬರ್ನ್‌ನಲ್ಲಿ ಮಕ್ಕಳ ಮನೆಯಲ್ಲಿ ಇದ್ದು ಬರುತ್ತಾರೆ. ನಾನೂ ಹಾಗೆ ಹೋದವನು. ವಿಕ್ಟೋರಿಯಾ ರಾಜ್ಯದ ಡನೊಲಿ ಊರಿನ ಸುತ್ತಲ ಕಾಡಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನ ಹುಡುಕುವುದನ್ನು ಕಲಿತದ್ದು ಅಲ್ಲಿಯೇ. ಹೋಗುವವರು ನನ್ನನ್ನು ಮೊದಲು ಕೇಳುವುದು, ಯಾವ ಯಂತ್ರ ಕೊಳ್ಳಲಿ ಅಂತ. ಯಂತ್ರ ಆಮೇಲೆ, ಮೊದಲು ಕಿವಿ ಪಳಗಲಿ.

ಮೂವತ್ತು ವರ್ಷ ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ರೇಡಿಯೊ ರಿಪೇರಿ ಮಾಡಿದವನು ನಾನು. ಹಾಗಾಗಿ ಮಾಳಮಡ್ಡಿಯ ನಮ್ಮ ಅಂಗಳದಲ್ಲಿ ಅಭ್ಯಾಸಕ್ಕೆಂದು ಒಂದು ಡಿಟೆಕ್ಟರ್ ನಾನೇ ಕಟ್ಟಿಕೊಂಡೆ. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡು ತಂದು ಕತ್ತರಿಸಿ. ಒಂದು ಅಕ್ಕಿಕಾಳಿನಷ್ಟು, ಒಂದು ತೊಗರಿಬೇಳೆಯಷ್ಟು, ಒಂದು ಕಡಲೆಯಷ್ಟು. ಸಣ್ಣ ಸೀಸ ಕೊಡುವ ಸದ್ದಿಗೂ ಸಣ್ಣ ಚಿನ್ನದ ಸದ್ದಿಗೂ ಬಹಳ ಹೋಲಿಕೆ ಇದೆ. ಇವನ್ನು ಎರಡು ಬೆರಳು, ನಾಲ್ಕು ಬೆರಳು, ಒಂದು ಗೇಣು ಆಳದಲ್ಲಿ ಹುಗಿಯಿರಿ. ಪಕ್ಕದಲ್ಲಿ ಒಂದು ತುಕ್ಕು ಮೊಳೆಯನ್ನೂ ಹುಗಿಯಿರಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯುವುದು ಮರೆಯಬೇಡಿ.

ಹೆಡ್‌ಫೋನ್ ಹಾಕಿಕೊಳ್ಳಲೇಬೇಕು. ಯಂತ್ರದಲ್ಲಿ ಸದಾ ಒಂದು ಸಣ್ಣ ಗುಂಯ್‌ಗುಡುವಿಕೆ ಇರುತ್ತದೆ, ಅದನ್ನು ಥ್ರೆಶೋಲ್ಡ್ ಅನ್ನುತ್ತಾರೆ. ಕಡಲೆಯಷ್ಟು ಸೀಸ ಮೇಲೇ ಇದ್ದರೆ ಯಾರಿಗಾದರೂ ಕೇಳುತ್ತದೆ. ಆದರೆ ಆಳದಲ್ಲಿರುವ ತೊಗರಿಬೇಳೆ ಕೂಗುವುದಿಲ್ಲ, ಆ ಗುಂಯ್‌ಗುಡುವಿಕೆ ಒಂದು ಕ್ಷಣ ತುಸು ಉಬ್ಬಿ ಇಳಿಯುತ್ತದೆ, ಅಷ್ಟೇ. ಮಲಗಿದ ಕೂಸಿನ ಉಸಿರು ಕೇಳಿದ ಹಾಗೆ. ಆ ಉಬ್ಬು ಗುರುತಾಗುವ ತನಕ ದಿನಾ ಅರ್ಧ ತಾಸು ಅಂಗಳದಲ್ಲೇ ಇರಿ.

ಯಂತ್ರದ ತುದಿಯ ತಟ್ಟೆಗೆ ಕಾಯಿಲ್ ಅನ್ನುತ್ತಾರೆ, ಅದನ್ನು ಆಡಿಸುವಾಗ ಅವಸರ ಬೇಡ. ಈ ಬದಿಯಿಂದ ಆ ಬದಿಗೆ ಮೂರ್ನಾಲ್ಕು ಸೆಕೆಂಡು ಹಿಡಿಯಲಿ, ನೆಲಕ್ಕೆ ತಾಗುವಷ್ಟು ಕೆಳಗಿರಲಿ. ಕೈ ಎರಡೂ ತುದಿಗೆ ಹೋದಾಗ ತಾನಾಗಿ ಮೇಲೇಳುತ್ತದೆ, ಆ ಒಂದೆರಡು ಇಂಚಿನಲ್ಲೇ ಚಿನ್ನ ತಪ್ಪಿಹೋಗುತ್ತದೆ. ಪ್ರತಿ ಸುತ್ತೂ ಹಿಂದಿನದರ ಅರ್ಧ ಜಾಗವನ್ನು ಮತ್ತೆ ಮುಚ್ಚಬೇಕು.

ನಮ್ಮ ಮಸಾರಿ ನೆಲ ಅಭ್ಯಾಸಕ್ಕೆ ಚಲೋ. ಅದರ ಕಬ್ಬಿಣದ ಅಂಶಕ್ಕೆ ಯಂತ್ರ ಸುಮ್ಮಸುಮ್ಮನೆ ಗೊಣಗುತ್ತದೆ, ವಿಕ್ಟೋರಿಯಾದ ಕೆಂಪು ನೆಲದಲ್ಲೂ ಅದೇ ಕಾಟ. ಕಾಯಿಲನ್ನು ನೆಲದ ಮೇಲೆ ಎತ್ತಿ ಇಳಿಸುತ್ತ ಆ ಗೊಣಗಾಟ ಅಡಗುವಂತೆ ಹೊಂದಿಸುವುದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಎಂದು ಹೆಸರು. ಇಂಥ ನೆಲದಲ್ಲಿ, ಎಡೆಬಿಡದೆ ಅಲೆ ಕಳಿಸುವ ವಿ.ಎಲ್.ಎಫ್. ಯಂತ್ರಕ್ಕಿಂತ ಬಿಟ್ಟು ಬಿಟ್ಟು ಮಿಡಿತ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರ ಆಳಕ್ಕೆ ಇಳಿಯುತ್ತದೆ, ಬೆಲೆಯೂ ಹೆಚ್ಚು. ಮೊದಲ ವರ್ಷ ಬಾಡಿಗೆಗೆ ತೆಗೆದುಕೊಳ್ಳಿ.

ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಅವ್ವ ಅಕ್ಕಿ ಜಾಲಿಸುತ್ತಿದ್ದುದನ್ನು ನೆನೆಯಿರಿ. ನೀರು ಅಕ್ಕಿಯನ್ನು ಒಯ್ಯುತ್ತದೆ, ಹರಳು ತಳದಲ್ಲಿ ನಿಲ್ಲುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ. ಹಾಗಾಗಿ ಬಿಳಿ ಬೆಣಚುಕಲ್ಲಿನ ದಿಣ್ಣೆಯಿಂದ ಇಳಿಯುವ ಹಳ್ಳಗಳಲ್ಲಿ, ಮಣ್ಣು ತೆಳುವಾಗಿ ಬಂಡೆ ಹತ್ತಿರ ಇರುವ ಕಡೆ, ಹಳಬರು ಅಗೆದು ಬಿಟ್ಟ ಗುಡ್ಡೆಗಳ ಅಂಚಿನಲ್ಲಿ ನಿಲ್ಲುತ್ತದೆ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದ ಜಲಗಾರರು ಬದುಕಿದ್ದೇ ಈ ತಿಳಿವಳಿಕೆಯ ಮೇಲೆ. ಆಳದ ಚಿಂತೆ ಬೇಡ. ಡನೊಲಿ ಹತ್ತಿರದ ಮೊಲಿಯಾಗುಲ್‌ನಲ್ಲಿ 1869ರಲ್ಲಿ ಸಿಕ್ಕ ‘ವೆಲ್ಕಮ್ ಸ್ಟ್ರೇಂಜರ್’ ಎಂಬ ಚಿನ್ನದ ಗಟ್ಟಿ, ನೆಲದಿಂದ ಒಂದೇ ಇಂಚಿನಷ್ಟು ಕೆಳಗಿತ್ತು. 1980ರಲ್ಲಿ ಕಿಂಗೋವರ್‌ನಲ್ಲಿ ಡಿಟೆಕ್ಟರಿಗೆ ಸಿಕ್ಕ ‘ಹ್ಯಾಂಡ್ ಆಫ್ ಫೇತ್’ 27 ಕಿಲೊ ತೂಗಿತು.

ಆದರೆ ಕಪ್ಪತಗುಡ್ಡಕ್ಕೆ ಡಿಟೆಕ್ಟರ್ ಒಯ್ಯಬೇಡಿ. ಅದು 2019ರಿಂದ ವನ್ಯಜೀವಿಧಾಮ, ಅಲ್ಲಿ ಒಂದು ಗುದ್ದಲಿ ಏಟೂ ತಪ್ಪು. ಲಕ್ಕುಂಡಿಯ ಗುಡಿಗಳ ಸುತ್ತಲೂ ಬೇಡ. ನೆಲದಲ್ಲಿ ಹುಗಿದಿಟ್ಟ ನಿಧಿ ಸಿಕ್ಕರೆ 1878ರ ಕಾಯ್ದೆಯಂತೆ ಸರಕಾರಕ್ಕೆ ತಿಳಿಸಲೇಬೇಕು. ವಿಕ್ಟೋರಿಯಾದಲ್ಲಿ ‘ಮೈನರ್ಸ್ ರೈಟ್’ ಅನ್ನುವ ಪರವಾನಗಿ ಇದೆ, 10 ವರ್ಷ ನಡೆಯುತ್ತದೆ. ಅದಿದ್ದರೂ ಕೈ ಹತಾರದಿಂದಲೇ ಅಗೆಯಬೇಕು, ಗುಂಡಿ ಮುಚ್ಚಬೇಕು, ಖಾಸಗಿ ಹೊಲಕ್ಕೆ ಒಡೆಯರ ಒಪ್ಪಿಗೆ ಬೇಕು. ಹಳೇ ಗಣಿಬಾವಿಗಳು ಪೊದೆಯೊಳಗೆ ಬಾಯಿ ತೆರೆದಿರುತ್ತವೆ, ಹಾವೂ ಉಂಟು. ಒಬ್ಬರೇ ಹೋಗಬೇಡಿ, ನೀರು ಧಾರಾಳ ಒಯ್ಯಿರಿ.

ಡನೊಲಿಯಲ್ಲಿ ಮೊದಲ ಹತ್ತು ದಿನ ನಾನು ಕಬ್ಬಿಣದ ಸದ್ದು ಬಿಟ್ಟುಬಿಡುವ ಸೆಟ್ಟಿಂಗ್ ಹಾಕಿಕೊಂಡು ನಡೆದೆ, ಏನೂ ಸಿಗಲಿಲ್ಲ. ಕೆಂಪು ನೆಲದಲ್ಲಿ ಚಿನ್ನವೂ ಕಬ್ಬಿಣದಂತೆ ಕೇಳಬಹುದು. ಹನ್ನೊಂದನೇ ದಿನ ಆ ಸೆಟ್ಟಿಂಗ್ ಬಂದ್ ಮಾಡಿ ಪ್ರತಿ ಸದ್ದನ್ನೂ ಅಗೆದೆ. ಮೊಳೆ, ಬೂಟಿನ ಸಣ್ಣ ಮೊಳೆ, ಬೇಟೆಗಾರರ ಸೀಸದ ಚರೆ. ಮಧ್ಯಾಹ್ನ ಒಂದು ಮರದ ಬೇರಿನ ಬಳಿ ಆ ಸಣ್ಣ ಉಬ್ಬು ಕೇಳಿಸಿತು. ನಾಲ್ಕು ಬೆರಳು ಅಗೆದೆ. ಸದ್ದು ಗುಂಡಿಯಿಂದ ಹೊರಬಿದ್ದು ಮಣ್ಣಿನ ಗುಡ್ಡೆಗೆ ಬಂತು. ಪ್ಲಾಸ್ಟಿಕ್ ಸೌಟಿನಲ್ಲಿ ಮಣ್ಣು ತುಂಬಿ ಕಾಯಿಲ್ ಮೇಲೆ ಆಡಿಸಿದೆ, ಸದ್ದು. ಅರ್ಧ ಮಣ್ಣು ಕೈಗೆ ಸುರಿದುಕೊಂಡೆ, ಸೌಟಿನಲ್ಲಿ ಸದ್ದಿಲ್ಲ. ಕೈಯದರಲ್ಲಿ ಮತ್ತೆ ಅರ್ಧ, ಮತ್ತೆ ಅರ್ಧ. ಕೊನೆಗೆ ಒಂದು ಚಿಟಿಕೆ ಮಣ್ಣು ಉಳಿಯಿತು, ಅದರಲ್ಲೊಂದು ಕೆಂಪು ಹರಳು. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಉಗುಳು ಹಚ್ಚಿ ತಿಕ್ಕಿ, ಟೊಪ್ಪಿಗೆಯ ನೆರಳಿನಲ್ಲಿ ನೋಡಿದೆ. ಕಾಗೆಬಂಗಾರ ಬಿಸಿಲಿಗೆ ಮಿನುಗಿ ನೆರಳಿಗೆ ಸಾಯುತ್ತದೆ. ಇದು ನೆರಳಿನಲ್ಲೂ ಅರಿಸಿನದ ಹಾಗೇ ಇತ್ತು. ಅರ್ಧ ಗ್ರಾಂ ಕೂಡ ಇಲ್ಲದ ಅದನ್ನು ಹಿಡಿದ ಕೈ ನಡುಗುತ್ತಿತ್ತು.

ಗುಂಡಿ ಮುಚ್ಚುವ ಮೊದಲು ಅದರೊಳಗೂ ಸುತ್ತಲೂ ಇನ್ನೊಮ್ಮೆ ಕಾಯಿಲ್ ಆಡಿಸಿ. ಚಿನ್ನ ಒಂಟಿಯಾಗಿರುವುದು ಕಡಿಮೆ. ನನಗೆ ಎರಡನೆಯದು ಸಿಕ್ಕಿದ್ದು ಅಲ್ಲಿಂದ ಮೂರು ಹೆಜ್ಜೆ ಕೆಳಗೆ.