ಕೇಬಲ್ ಮೇಲಿನ ಮೀಟರ್ ಗುರುತು: ಕೊಡಗಿನ ತೋಟಗಳಲ್ಲಿ ನನ್ನ ಅನುಭವ

ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ನಡುವೆ ನಾನು ಮೊದಲು ಎಳೆದ ಫೈಬರ್ ಕೇಬಲ್ಲಿಗೆ ಕಂಬಗಳಿಗಿಂತ ಸಿಲ್ವರ್ ಓಕ್ ಮರಗಳೇ ಹೆಚ್ಚು ಆಸರೆಯಾಗಿದ್ದವು. ಜೋತು ಬೀಳಬಾರದೆಂದು ಅದನ್ನು ಬಿಗಿಯಾಗಿ ಎಳೆದು ಕಟ್ಟಿದ್ದೆ. ಗಾಳಿಗೆ ಮರ ತೂಗಿದಾಗಲೆಲ್ಲ ಆ ಎಳೆತ ಒಳಗಿನ ಗಾಜಿನ ಎಳೆಯವರೆಗೂ ಹೋಗುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ.

ಜೋರು ಮಳೆಯ ಕಕ್ಕಡ ತಿಂಗಳ ಒಂದು ಸಂಜೆ ಲೈನ್ ನಿಂತುಹೋಯಿತು. ಎಳೆಯೊಳಗೆ ಬೆಳಕು ಬಿಟ್ಟು ತುಂಡಾದ ಜಾಗದ ದೂರ ಹೇಳುವ ಉಪಕರಣ ಓಟಿಡಿಆರ್ 4,180 ಮೀಟರ್ ತೋರಿಸಿತು. ಬೈಕಿನ ಮೀಟರ್ ನೋಡಿಕೊಂಡು ಅಷ್ಟು ದೂರ ಹೋದರೆ ಅಲ್ಲಿ ಕೇಬಲ್ಲಿಗೆ ಏನೂ ಆಗಿರಲಿಲ್ಲ. ಈ ಉಪಕರಣ ಅಳೆಯುವುದು ಬೆಳಕು ಹೋಗಿ ಬರುವ ಸಮಯವನ್ನು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವ ಲೆಕ್ಕದಲ್ಲಿ ಅದು ಎಳೆಯ ಉದ್ದವನ್ನು ಹೇಳುತ್ತದೆಯೇ ಹೊರತು ರಸ್ತೆಯ ಉದ್ದವನ್ನಲ್ಲ. ಎಳೆಗಳು ಟ್ಯೂಬಿನೊಳಗೆ ಸಡಿಲವಾಗಿರುತ್ತವೆ, ಟ್ಯೂಬುಗಳು ನಡುವಿನ ಕಡ್ಡಿಯನ್ನು ಸುತ್ತಿಕೊಂಡಿರುತ್ತವೆ, ಜಾಯಿಂಟುಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲಿನ ಲೂಪ್ ಬೇರೆ. ಕತ್ತಲಾಗುವಷ್ಟರಲ್ಲಿ ಸುಮಾರು 300 ಮೀಟರ್ ಹಿಂದೆ, ಮುರಿದು ಬಿದ್ದ ಕೊಂಬೆಯ ಕೆಳಗೆ ಎಳೆ ತುಂಡಾದ ಜಾಗ ಸಿಕ್ಕಿತು. ಹೊರಗಿನ ಕಪ್ಪು ಕವಚ ಮಾತ್ರ ಹರಿದಿರಲಿಲ್ಲ.

ಕೇಬಲ್ಲಿನ ಕವಚದ ಮೇಲೆ ಪ್ರತಿ ಮೀಟರಿಗೊಂದು ಸಂಖ್ಯೆ ಅಚ್ಚಾಗಿರುತ್ತದೆ. ಅಂದಿನಿಂದ ಪ್ರತಿ ಕಂಬ, ಮರ, ಲೂಪಿನ ಬಳಿ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಎಷ್ಟೇ ದುಬಾರಿ ಉಪಕರಣವಿದ್ದರೂ ಈ ಪುಸ್ತಕವಿಲ್ಲದೆ ಮಳೆಯಲ್ಲಿ ಹುಡುಕಾಟ ತಪ್ಪದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನೊಂದು ಪಾಠವೂ ಅಷ್ಟೇ ಉಪಯೋಗಕ್ಕೆ ಬಂದಿದೆ: ಒಂದೇ ಜಾಗದಲ್ಲಿ 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿಗಿಂತ 1550ರದ್ದರಲ್ಲಿ ಬೆಳಕಿನ ನಷ್ಟ ಬಹಳ ಹೆಚ್ಚು ಕಂಡರೆ, ಅದು ಕೆಟ್ಟ ಜಾಯಿಂಟಲ್ಲ, ಎಲ್ಲೋ ಎಳೆ ಮಡಚಿಕೊಂಡಿದೆ ಎಂದು ತಿಳಿಯಬೇಕು. ಬಿಗಿಯಾಗಿ ಕಟ್ಟಿದ ಮರಗಳ ಬಳಿ ನಾನು ಇದನ್ನು ಪದೇ ಪದೇ ಕಂಡಿದ್ದೇನೆ.

1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿಗಳು ಕಿಲೋಮೀಟರಿಗೆ 20 ಡೆಸಿಬೆಲ್ ಮಟ್ಟಕ್ಕೆ ಇಳಿಸಿದ ನಷ್ಟ, ಇಂದು ನಾವು ಎಳೆಯುವ ಕೇಬಲ್ಲಿನಲ್ಲಿ 1550ರಲ್ಲಿ ಸುಮಾರು 0.2 ಮಾತ್ರ. ಹಾಗಾಗಿ ಹೊರಾಂಗಣ ಕೇಬಲ್ಲಿನ ಮುಂದಿನ ಸುಧಾರಣೆ ಮಡಿಕೆ, ಎಳೆತ, ನೀರು ಇವುಗಳನ್ನು ತಾಳಿಕೊಳ್ಳುವುದರಲ್ಲಿರಬೇಕೆಂದು ನನಗೆ ಅನ್ನಿಸುತ್ತದೆ. 7.5 ಮಿಲಿಮೀಟರ್ ತ್ರಿಜ್ಯದವರೆಗೂ ಬಾಗಬಲ್ಲ ಜಿ.657.ಎ2 ಎಂಬ ದರ್ಜೆಯ ಎಳೆ ಈಗಾಗಲೇ ಬಳಕೆಯಲ್ಲಿದೆ. ನೀರು ಒಳಬರದಂತೆ ಟ್ಯೂಬಿನಲ್ಲಿ ತುಂಬುವ ಜೆಲ್ಲಿಯ ಬದಲು ನೀರು ತಾಕಿದೊಡನೆ ಉಬ್ಬಿ ದಾರಿ ಮುಚ್ಚುವ ನೂಲಿನ ಕೇಬಲ್ಲುಗಳೂ ಇವೆ. ಟಾರ್ಪಾಲಿನ ಕೆಳಗೆ ಕುಳಿತು, ಜೆಲ್ಲಿ ಮೆತ್ತಿದ ಎಳೆಗಳನ್ನು ಒಂದೊಂದಾಗಿ ಒರೆಸಿ ಜಾಯಿಂಟ್ ಮಾಡುವ ನಮ್ಮಂಥವರಿಗೆ ಇದರಿಂದ ಜಾಯಿಂಟುಗಳನ್ನು ಮುಚ್ಚಿಡುವ ಪ್ರತಿ ಪೆಟ್ಟಿಗೆಯಲ್ಲೂ (ಕ್ಲೋಷರ್) ಸಮಯ ಉಳಿಯುತ್ತದೆ. ಈಗ ನಾನು ಸಾಧ್ಯವಾದಷ್ಟೂ ಮರಕ್ಕೆ ಕಟ್ಟುವುದನ್ನು ಬಿಟ್ಟಿದ್ದೇನೆ. ಕಂಬ ಹಾಕಲಾಗದ ಕಡೆ, ಮರ ತೂಗಿದರೂ ಎಳೆತ ಬೀಳದಷ್ಟು ಸಡಿಲ ಬಿಟ್ಟೇ ಕೆಲಸ ಮುಗಿಸುತ್ತೇನೆ.