ಮಳೆಗಾಲದ ಕಳಲೆ: ಸ್ಯಾಂಪಲ್‌ನಿಂದ ಕಾಲೊನಿ ಎಣಿಕೆವರೆಗೆ

ಕಳಲೆ ಸಿಗುವುದು ಮಳೆಗಾಲದಲ್ಲಿ. ಲ್ಯಾಬ್ ಗೋಡೆ, ಪರದೆ, ಏಪ್ರನ್‌ಗಳಿಗೆ ಬೂಷ್ಟು ಹಿಡಿಯುವುದೂ ಆಗಲೇ. ಹಾಗಾಗಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಳಲೆ ಮೇಲೆ ಪ್ರಾಜೆಕ್ಟ್ ಮಾಡುವವರು ಪ್ರತಿ ಪ್ಲೇಟ್‌ಗೂ (ಬ್ಯಾಕ್ಟೀರಿಯಾ ಬೆಳೆಸುವ ಮುಚ್ಚಳದ ತಟ್ಟೆ) ಉತ್ತರ ಕೊಡಬೇಕು: ಇಲ್ಲಿ ಬೆಳೆದದ್ದು ಕಳಲೆಯದೋ, ಲ್ಯಾಬ್‌ನದೋ?

ಸಿಪ್ಪೆ ಬಿಡಿಸಿ, ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುವುದು ಮಲೆನಾಡಿನ ಕ್ರಮ. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸೈನೈಡ್ ಬಿಡುವ ಅಂಶವಿದೆ. ನೆನೆಸಿ ಬೇಯಿಸಿದರೆ ಅದು ಇಳಿಯುತ್ತದೆ. ನೆನೆಯುವಾಗಲೇ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಹೆಚ್ಚಿ ನೀರು ಮಬ್ಬಾಗಿ ಹುಳಿಯಾಗುತ್ತದೆ. ಒಟ್ಟು ಎಣಿಕೆ (ಪ್ಲೇಟ್‌ನಲ್ಲಿ ಬೆಳೆದ ಎಲ್ಲ ಬ್ಯಾಕ್ಟೀರಿಯಾಗಳ ಲೆಕ್ಕ) ದೊಡ್ಡದಾಗಿ ಬಂದ ಮಾತ್ರಕ್ಕೆ 'ಕೆಟ್ಟಿದೆ' ಎಂದು ಬರೆಯುವುದು ತಪ್ಪು. ಒಟ್ಟು ಎಣಿಕೆ, ಕೋಲಿಫಾರ್ಮ್ (ಕೊಳಕು ಸೇರಿರುವುದನ್ನು ಸೂಚಿಸುವ ಬ್ಯಾಕ್ಟೀರಿಯಾ), ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಪಿಎಚ್ (ಹುಳಿಯ ಅಳತೆ) ನಾಲ್ಕನ್ನೂ ಒಟ್ಟಿಗೆ ಇಟ್ಟರೇ ಅರ್ಥ ಹೊರಡುತ್ತದೆ.

ಸ್ಯಾಂಪಲ್

ಪಾತ್ರೆಯ ಮೇಲು, ನಡು, ತಳ ಮೂರೂ ಕಡೆಯಿಂದ ತೆಗೆದು ಸುಮಾರು 250 ಗ್ರಾಂ ಸ್ಟೆರೈಲ್ ಚೀಲಕ್ಕೆ ಹಾಕಿ. ನೆನೆಸಿದ ನೀರನ್ನು ಬೇರೆ ಬಾಟಲಿಯಲ್ಲಿ ತನ್ನಿ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿದ್ದರೆ 120 ಮಿ.ಲೀ.ಯ ಖಾಲಿ ಬಾಟಲಿಗೆ ಮೊದಲೇ 3% ಸೋಡಿಯಂ ಥಯೋಸಲ್ಫೇಟ್ 0.1 ಮಿ.ಲೀ. ಹಾಕಿ, ಆಮೇಲೆ ಆಟೊಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಸ್ಟೆರೈಲ್ ಮಾಡಿ) ಇಟ್ಟುಕೊಳ್ಳಿ; ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಲೇ ಇರುತ್ತದೆ. ನೆನೆಸಿ ಎಷ್ಟನೇ ದಿನ, ನೀರು ಎಷ್ಟು ಸಲ ಬದಲಾಗಿದೆ, ಬಾವಿಯದೋ ನಲ್ಲಿಯದೋ, ಉಪ್ಪು ಹಾಕಿದ್ದಾರೋ ಎಂಬುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಈ ಟಿಪ್ಪಣಿ ಇಲ್ಲದ ಸ್ಯಾಂಪಲ್‌ನಿಂದ ಏನನ್ನೂ ಹೋಲಿಸಲಾಗದು.

ಐಸ್ ಬಾಕ್ಸ್‌ನಲ್ಲಿ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಟ್ಟು, 24 ಗಂಟೆಯೊಳಗೆ ಪರೀಕ್ಷೆ ಶುರು ಮಾಡಿ. ಫ್ರೀಜರ್‌ಗೆ ಹಾಕಬೇಡಿ. ಹೆಪ್ಪುಗಟ್ಟಿದರೆ ಕೋಲಿಫಾರ್ಮ್‌ಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಗಾಸಿಗೊಂಡು, ಆಯ್ದ ಬ್ಯಾಕ್ಟೀರಿಯಾವನ್ನಷ್ಟೇ ಬೆಳೆಯಬಿಡುವ ಮಾಧ್ಯಮದಲ್ಲಿ ಬೆಳೆಯುವುದಿಲ್ಲ. ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ.

ಆಟೊಕ್ಲೇವ್ ಮತ್ತು ಮಾಧ್ಯಮ

'15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ' ಎಂಬ ಲೆಕ್ಕ ಸಮುದ್ರ ಮಟ್ಟದ್ದು. 600 ಮೀಟರ್ ಆಸುಪಾಸಿನ ಎತ್ತರದಲ್ಲಿ ಗೇಜ್ 15 ತೋರಿಸಿದಾಗ ಒಳಗಿನ ಉಷ್ಣತೆ ಸುಮಾರು ಒಂದು ಡಿಗ್ರಿ ಕಡಿಮೆಯೇ ಇರುತ್ತದೆ. 121 ಮುಟ್ಟಲು ಗೇಜ್ 16ರ ಹತ್ತಿರ ಬರಬೇಕು. ಅದಕ್ಕಿಂತ ದೊಡ್ಡ ತೊಂದರೆ ಒಳಗೆ ಸಿಕ್ಕಿಕೊಂಡ ಗಾಳಿ. ಹಬೆ ಒಂದೇ ಸಮ ಬರುವವರೆಗೆ ವಾಲ್ವ್ ತೆರೆದಿಟ್ಟು ಆಮೇಲೆ ಮುಚ್ಚಿ, ಸಮಯವನ್ನು ಥರ್ಮಾಮೀಟರ್ 121 ತೋರಿಸಿದ ಮೇಲೆ ಎಣಿಸಿ. ಬಾಟಲಿ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಮುಚ್ಚಳ ಸಡಿಲವಿರಲಿ.

ಒಟ್ಟು ಎಣಿಕೆಗೆ ಪ್ಲೇಟ್ ಕೌಂಟ್ ಅಗಾರ್ (ಆರಿದಾಗ ಗಟ್ಟಿಯಾಗುವ ಮಾಧ್ಯಮ), ಸಾಮಾನ್ಯ ಪುಡಿಯಾದರೆ ಲೀಟರಿಗೆ 23.5 ಗ್ರಾಂ. ಕೋಲಿಫಾರ್ಮ್‌ಗೆ ಬೇಕಾದ ವಯೊಲೆಟ್ ರೆಡ್ ಬೈಲ್ ಅಗಾರ್ ಅನ್ನು ಆಟೊಕ್ಲೇವ್‌ಗೆ ಹಾಕಲೇಬಾರದು; ಕುದಿಸಿ ಕರಗಿಸಿ ಅಂದೇ ಬಳಸಿ. ಎರಡನ್ನೂ 45 ಡಿಗ್ರಿ ವಾಟರ್ ಬಾತ್‌ನಲ್ಲಿಡಿ. ಪಕ್ಕದಲ್ಲಿ ಬರೀ ಅಗಾರ್ ಇರುವ ಒಂದು ಬಾಟಲಿಗೆ ಥರ್ಮಾಮೀಟರ್ ಇಳಿಬಿಡಿ, ಅಂಗೈಗೆ ಬಾಟಲಿ ಒತ್ತಿ ಅಂದಾಜು ಮಾಡುವುದು ಬೇಡ. 50 ದಾಟಿದ ಅಗಾರ್ ಗಾಸಿಗೊಂಡ ಕೋಶಗಳನ್ನು ಕೊಲ್ಲುತ್ತದೆ, ಮುಚ್ಚಳಕ್ಕೂ ಹನಿ ಕಟ್ಟಿಸುತ್ತದೆ. ತೀರಾ ಆರಿದರೆ ಗಂಟುಗಂಟಾಗಿ, ಆ ಗಂಟನ್ನು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ) ಎಂದು ಎಣಿಸುವಂತಾಗುತ್ತದೆ.

ದುರ್ಬಲಗೊಳಿಸುವಿಕೆ

ಸ್ಯಾಂಪಲ್ ಅನ್ನು ಹಂತಹಂತವಾಗಿ ತೆಳು ಮಾಡುವ ಈ ಕೆಲಸದಲ್ಲೇ ಹೆಚ್ಚು ತಪ್ಪಾಗುವುದು. ಕಳಲೆಯನ್ನು ಸ್ಟೆರೈಲ್ ಕತ್ತರಿಯಿಂದ ಸಣ್ಣಗೆ ತುಂಡರಿಸಿ 25 ಗ್ರಾಂ ತೂಗಿ, 225 ಮಿ.ಲೀ. ಪೆಪ್ಟೋನ್ ಸಲೈನ್ ಸೇರಿಸಿ (ಪೆಪ್ಟೋನ್ 0.1%, ಉಪ್ಪು 0.85%). ಸ್ಟೊಮ್ಯಾಕರ್‌ನಲ್ಲಿ (ಚೀಲವನ್ನು ಬಡಿದು ಒಳಗಿನದನ್ನು ಬೆರೆಸುವ ಯಂತ್ರ) 2 ನಿಮಿಷ. ಬಲಿತ ಕಳಲೆಯ ನಾರು ಚೀಲ ತೂತು ಮಾಡುತ್ತದೆ, ಆದ್ದರಿಂದ ಜಾಲರಿ ಇರುವ ಫಿಲ್ಟರ್ ಚೀಲ ಬಳಸಿ, ಹೊರಗೆ ಇನ್ನೊಂದು ಚೀಲ ತೊಡಿಸಿ. ಹಸಿ ಕಳಲೆ ಅರೆಯುವಾಗ ಸೈನೈಡ್ ಬರಬಹುದು, ಗಾಳಿಯಾಡುವ ಕಡೆ ಇರಿ.

ಇದು 10⁻¹, ಅಂದರೆ ಹತ್ತು ಪಟ್ಟು ತೆಳು. ಮುಂದೆ 9 ಮಿ.ಲೀ.ಗೆ 1 ಮಿ.ಲೀ. ಹಾಕುತ್ತ 10⁻⁶ರವರೆಗೆ ಹೋಗಿ. ಪ್ರತಿ ಹಂತಕ್ಕೂ ಹೊಸ ಟಿಪ್, ಪ್ರತಿ ನಳಿಕೆಗೂ 5–10 ಸೆಕೆಂಡ್ ವೋರ್ಟೆಕ್ಸ್ (ಯಂತ್ರದಲ್ಲಿ ಅಲುಗಿಸಿ ಬೆರೆಸುವುದು). ನಾರಿನ ಎಳೆ ಟಿಪ್ ಬಾಯಿಗೆ ಸಿಕ್ಕಿದರೆ 1 ಮಿ.ಲೀ. ಬದಲು 0.7 ಬಂದಿರುತ್ತದೆ, ಪಿಪೆಟ್ ಮಾತ್ರ 1 ಎಂದೇ ತೋರಿಸುತ್ತದೆ. ಟಿಪ್‌ನೊಳಗಿನ ದ್ರವದ ಮಟ್ಟವನ್ನು ಕಣ್ಣಲ್ಲಿ ನೋಡಿಯೇ ಮುಂದುವರಿಯಿರಿ. ಅಗಲ ಬಾಯಿಯ ಟಿಪ್ ಇದ್ದರೆ ಇನ್ನೂ ಒಳ್ಳೆಯದು. ಮೊದಲ ಹಂತದ ಈ ಕೊರತೆ ಕೊನೆಯ ಪ್ಲೇಟ್‌ವರೆಗೂ ಹೋಗುತ್ತದೆ.

ಪ್ರತಿ ಹಂತಕ್ಕೆ ಎರಡು ಪ್ಲೇಟ್. 1 ಮಿ.ಲೀ. ಹಾಕಿ, 12–15 ಮಿ.ಲೀ. ಅಗಾರ್ ಸುರಿದು, ಮೇಜಿನ ಮೇಲೇ ಮೆಲ್ಲಗೆ ತಿರುಗಿಸಿ ಬೆರೆಸಿ. ಮೊದಲ ದುರ್ಬಲಗೊಳಿಸುವಿಕೆಯಿಂದ ಸುರಿಯುವವರೆಗೆ 45 ನಿಮಿಷ ಮೀರದಿರಲಿ. ಕೋಲಿಫಾರ್ಮ್ ಪ್ಲೇಟ್ ಗಟ್ಟಿಯಾದ ಮೇಲೆ ಅದೇ ಅಗಾರ್‌ನ ತೆಳು ಪದರ ಮೇಲೆ ಸುರಿಯಿರಿ.

ಖಾಲಿ ಪ್ಲೇಟ್‌ಗಳು

ಸ್ಯಾಂಪಲ್ ಹಾಕದ ಮೂರು ಪ್ಲೇಟ್ ಬೇಕು: ಬರೀ ಅಗಾರ್, ಅಗಾರ್ ಜೊತೆ ಬರೀ ಪೆಪ್ಟೋನ್ ಸಲೈನ್, ಕೆಲಸ ನಡೆವ ಜಾಗದಲ್ಲಿ 15 ನಿಮಿಷ ಮುಚ್ಚಳ ತೆರೆದಿಟ್ಟದ್ದು. ಜುಲೈ ತಿಂಗಳಲ್ಲಿ ಈ ಮೂರನೆಯದು ಬಿಟ್ಟರೆ ಕೆಲಸವೇ ನಂಬಿಕೆಗೆ ಅರ್ಹವಲ್ಲ. ಮೊದಲೆರಡರಲ್ಲಿ ಏನಾದರೂ ಬೆಳೆದರೆ ಅಂದಿನ ಪ್ಲೇಟ್‌ಗಳನ್ನೆಲ್ಲ ಬಿಟ್ಟು ಮತ್ತೆ ಮಾಡಿ. ಖಾಲಿ ಪ್ಲೇಟ್‌ನ ಸಂಖ್ಯೆಯನ್ನು ಕಳೆದು ಸರಿಪಡಿಸುವ ಲೆಕ್ಕ ಇಲ್ಲ. ಮುಚ್ಚಳ ತೆರೆದಿಟ್ಟ ಪ್ಲೇಟ್‌ನಲ್ಲಿ ಬೂಷ್ಟು ತುಂಬಿದ್ದರೆ, ಪ್ಲೇಟ್ ಸುರಿಯುವಾಗ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಒದ್ದೆ ಏಪ್ರನ್ ಹೊರಗಿಡಿ, ಮೇಜನ್ನು 70% ಆಲ್ಕೊಹಾಲ್‌ನಿಂದ ಒರೆಸಿ. ಅದು ಆರುವ ಮೊದಲು ಬರ್ನರ್ ಹಚ್ಚಬೇಡಿ.

ಇನ್‌ಕ್ಯುಬೇಟರ್

ಒಟ್ಟು ಎಣಿಕೆಗೆ 30 ಡಿಗ್ರಿಯಲ್ಲಿ 72 ಗಂಟೆ, ಕೋಲಿಫಾರ್ಮ್‌ಗೆ 37ರಲ್ಲಿ 24 ಗಂಟೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗೆ ಎಂಆರ್‌ಎಸ್ ಅಗಾರ್‌ನಲ್ಲಿ 30ರಲ್ಲಿ 72 ಗಂಟೆ. ಪ್ಲೇಟ್ ತಲೆಕೆಳಗಾಗಿರಲಿ. ಗಾಳಿಮಳೆಗೆ ಕರೆಂಟ್ ಹೋಗುವ ಊರಿನಲ್ಲಿ ಕನಿಷ್ಠ–ಗರಿಷ್ಠ ಥರ್ಮಾಮೀಟರ್ ಒಳಗಿಡುವುದು ಕಡ್ಡಾಯ. ರಾತ್ರಿಯಿಡೀ ಉಷ್ಣತೆ ಇಳಿದಿದ್ದರೆ ಗಂಟೆ ಸೇರಿಸಿ ಸರಿದೂಗಿಸಲು ಬರುವುದಿಲ್ಲ, ಪರೀಕ್ಷೆ ಮತ್ತೆ ಮಾಡಬೇಕು.

ಎಂಆರ್‌ಎಸ್ ಕಾಲೊನಿಗೆ ಕೆಟಲೇಸ್ ಪರೀಕ್ಷೆ ಮಾಡಿ: ಲ್ಯಾಕ್ಟಿಕ್ ಬ್ಯಾಕ್ಟೀರಿಯಾವೇ ಆದರೆ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಗುಳ್ಳೆ ಬರಬಾರದು. ನಿಕ್ರೋಮ್ ಲೂಪ್ ತಾನೇ ಗುಳ್ಳೆ ಎಬ್ಬಿಸಬಲ್ಲದು, ಮರದ ಕಡ್ಡಿ ಬಳಸಿ.

ಎಣಿಕೆ

10ರಿಂದ 300 ಕಾಲೊನಿ ಇರುವ ಪ್ಲೇಟ್ ತೆಗೆದುಕೊಳ್ಳಿ. 10⁻⁴ರಲ್ಲಿ 182, 174. 10⁻⁵ರಲ್ಲಿ 19, 15 ಬಂದಿದೆ ಎನ್ನೋಣ. ಒಟ್ಟು 390. ಇದನ್ನು 2.2 × 10⁻⁴ರಿಂದ ಭಾಗಿಸಿದರೆ ಗ್ರಾಂಗೆ 1.8 × 10⁶ ಸಿಎಫ್‌ಯು (ಕಾಲೊನಿ ಕಟ್ಟಬಲ್ಲ ಘಟಕ). ಮೊದಲ ಹಂತದ ಎರಡು ಪ್ಲೇಟ್‌ಗೆ 2, ಹತ್ತು ಪಟ್ಟು ತೆಳುವಾದ ಮುಂದಿನ ಎರಡಕ್ಕೆ 0.2 — ಹೀಗೆ 2.2. ಮುಂದಿನ ಹಂತದಲ್ಲಿ ಸುಮಾರು ಹತ್ತನೇ ಒಂದು ಭಾಗ ಬರದೆ 60 ಬಂದಿದ್ದರೆ ದುರ್ಬಲಗೊಳಿಸುವಿಕೆ ಕೆಟ್ಟಿದೆ ಎಂದರ್ಥ, ಸರಾಸರಿ ಹಾಕಿ ಮುಚ್ಚಬೇಡಿ.

ಕೋಲಿಫಾರ್ಮ್ ಪ್ಲೇಟ್‌ನಲ್ಲಿ ಅರ್ಧ ಮಿ.ಮೀ.ಗಿಂತ ಸಣ್ಣದಲ್ಲದ ನೇರಳೆಗೆಂಪು ಕಾಲೊನಿ ಮಾತ್ರ ಎಣಿಸಿ; ಸಂಶಯವಿದ್ದರೆ ಬ್ರಿಲಿಯಂಟ್ ಗ್ರೀನ್ ಬೈಲ್ ಬ್ರಾತ್‌ನಲ್ಲಿ ಗ್ಯಾಸ್ ಬರುತ್ತದೋ ನೋಡಿ. 10⁻¹ರಲ್ಲೂ ಏನೂ ಬೆಳೆಯದಿದ್ದರೆ 'ಸೊನ್ನೆ' ಎಂದು ಬರೆಯಬೇಡಿ, 'ಗ್ರಾಂಗೆ 10ಕ್ಕಿಂತ ಕಡಿಮೆ' ಎಂದು ಬರೆಯಿರಿ.

ಪಿಎಚ್‌ಗೆ ಬೇರೆ ತುಂಡನ್ನು ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರಿನಲ್ಲಿ ಅರೆದು ಅಳೆಯಿರಿ. ಗಾಳಿಯಾಡದಂತೆ ಮುಚ್ಚಿ ಮಾರುವ ಕಳಲೆಯಾದರೆ 4.6 ಮುಖ್ಯ ಗಡಿ: ಅದಕ್ಕಿಂತ ಮೇಲಿದ್ದರೆ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ವಿಷದ ಅಪಾಯವನ್ನು ವರದಿಯಲ್ಲಿ ಬಿಡುವಂತಿಲ್ಲ, ಕೋಲಿಫಾರ್ಮ್ ಎಷ್ಟೇ ಕಡಿಮೆ ಇರಲಿ. ಎಣಿಸಿದ ಪ್ಲೇಟ್‌ಗಳನ್ನು 121 ಡಿಗ್ರಿಯಲ್ಲಿ 30 ನಿಮಿಷ ಆಟೊಕ್ಲೇವ್ ಮಾಡಿಯೇ ಹೊರಗೆ ಕಳಿಸಿ.